ಬೆಳೆಯುವ ಮಕ್ಕಳೂ ಹೆತ್ತವರ ಮೌನವೂ

ಹನ್ನೆರಡರ ಬಾಲಕ ಯೇಸು ಜೆರುಸಲೇಮಿನಲ್ಲಿ ಹಿಂದುಳಿದ ಪ್ರಸಂಗವನ್ನು ಸಂತ ಲೂಕರು ವರ್ಣಿಸಿದ್ದಾರೆ. ಮೂರು ದಿನಗಳ ಬಳಿಕ ಮಗನನ್ನು ಕಂಡ ಮಾತೆ ಮರಿಯಮ್ಮನವರು ಮೌನ ತಾಳಲಿಲ್ಲ. ತಮ್ಮ ವ್ಯಥೆಯನ್ನು ಹೇಳಿದರು, ಕಾರಣ ಕೇಳಿದರು. ಉತ್ತರ ಅರ್ಥವಾಗದಿದ್ದರೂ ಮನಸ್ಸಿನಲ್ಲಿರಿಸಿಕೊಂಡರು. ಬಾಲಕನು ಜ್ಞಾನದಲ್ಲಿಯೂ ಶರೀರದಲ್ಲಿಯೂ ಬೆಳೆದನೆಂದು ಆ ಅಧ್ಯಾಯ ಮುಗಿಯುತ್ತದೆ. ಶರೀರದ ಬೆಳವಣಿಗೆಯನ್ನು ಹೇಳಲು ಶುಭಸಂದೇಶಕ್ಕಿಲ್ಲದ ಸಂಕೋಚ ನಮಗೇಕೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮ ಮನೆಗಳಲ್ಲಿ ಮಕ್ಕಳ ಅಂಕ, ಅಡಕೆಯ ದರ, ಇಗರ್ಜಿಯ ಹಬ್ಬ ಎಲ್ಲವೂ ಊಟದ ಹೊತ್ತಿಗೆ ಮಾತಾಗುತ್ತವೆ. ಮಕ್ಕಳ ಮೈಯಲ್ಲಾಗುವ ಬದಲಾವಣೆ ಮಾತ್ರ ಮಾತಾಗುವುದಿಲ್ಲ. ಇತರರಿಗೆ ಪಾಠವಾಗಲೆಂದು ತಾಯಿಯೊಬ್ಬರು ತಿಳಿಸಿದ ಸಂಗತಿಯಿದು: ಮೊದಲ ಬಾರಿ ಮುಟ್ಟಾದಾಗ ಮಗಳು ತನಗೆ ಮಾರಕ ರೋಗ ತಗಲಿತೆಂದು ಹೆದರಿ, ಎರಡು ದಿನ ಬಟ್ಟೆಗಳನ್ನು ಅಡಗಿಸಿಟ್ಟಿದ್ದಳು. "ಇನ್ನೂ ಚಿಕ್ಕವಳೆಂದು ಮುಂದೂಡಿದೆ ಫಾದರ್" ಎಂದು ಆ ತಾಯಿ ಕಣ್ಣೀರಿಟ್ಟರು.

ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13, ಗಂಡುಮಕ್ಕಳಲ್ಲಿ 9ರಿಂದ 14ರ ವಯಸ್ಸಿನೊಳಗೆ ಈ ಬದಲಾವಣೆ ಆರಂಭವಾಗುತ್ತದೆ. ಎದೆಯ ಬೆಳವಣಿಗೆ ಕಾಣಿಸಿಕೊಂಡ ಸುಮಾರು ಎರಡು ವರ್ಷಗಳ ಬಳಿಕ ಋತುಸ್ರಾವವಾಗುವುದು ವಾಡಿಕೆ. ಆದುದರಿಂದ ತಾಯಿಗೆ ಕಾಲಾವಕಾಶವಿದೆ. ಸ್ರಾವವೇಕೆ, ಪ್ಯಾಡ್ ಬಳಸುವುದು ಹೇಗೆ, ಶಾಲೆಯಲ್ಲಿದ್ದಾಗ ಯಾರಿಗೆ ಹೇಳಬೇಕು ಎಂಬಿಷ್ಟನ್ನು ಮುಂಚಿತವಾಗಿ ತಿಳಿಸಲಿ. ಮಗನೊಡನೆ ತಂದೆ ಮಾತನಾಡಲಿ, ಗಲ್ಫಿನಲ್ಲಿದ್ದರೆ ಫೋನಿನಲ್ಲಾದರೂ. ಧ್ವನಿ ಒಡೆಯುವುದು, ನಿದ್ದೆಯಲ್ಲಿ ವೀರ್ಯಸ್ಖಲನವಾಗುವುದು ಸಹಜ, ರೋಗವಲ್ಲ. ಇಚ್ಛೆಯಿಲ್ಲದೆ ನಿದ್ದೆಯಲ್ಲಿ ನಡೆಯುವುದು ತನ್ನಷ್ಟಕ್ಕೆ ಪಾಪವೂ ಅಲ್ಲವೆಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ತರ್ಕಬದ್ಧವಾಗಿ ವಿವರಿಸಿದ್ದಾರೆ. ಇದನ್ನರಿಯದೆ ಎಷ್ಟು ಹುಡುಗರು ವೃಥಾ ನೊಂದರೋ!

ಇದನ್ನೆಲ್ಲ ಹೇಳಿದರೆ ಮಕ್ಕಳು ಕೆಡಲಾರರೇ ಎಂಬ ಶಂಕೆ ಹಲವರದು. ಮಕ್ಕಳಿಗೆ ವಯಸ್ಸಿಗೆ ತಕ್ಕ ವಿವೇಕಯುತ ಲೈಂಗಿಕ ಶಿಕ್ಷಣ ಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. ಇದು ಹೆತ್ತವರ ಹಕ್ಕೂ ಕರ್ತವ್ಯವೂ ಹೌದೆಂದು 1981ರಲ್ಲಿ ಎರಡನೆಯ ಜಾನ್ ಪೌಲರು ಬರೆದರು. 2016ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಇದರ ಅಗತ್ಯವನ್ನು ಮತ್ತೆ ಎತ್ತಿಹಿಡಿದರು. ನಾವು ಹೇಳದುದನ್ನು ಮೊಬೈಲ್ ಹೇಳುತ್ತದೆ; ಅದರಲ್ಲಿ ವಾತ್ಸಲ್ಯವಿಲ್ಲ.

ಇನ್ನೂ ಗಂಭೀರವಾದ ವಿಷಯವೊಂದಿದೆ. ತನ್ನ ದೇಹದ ಅಂಗಗಳ ಹೆಸರನ್ನೇ ನಾಚಿಕೆಯಿಲ್ಲದೆ ಹೇಳಲಾರದ ಮಗು, ಯಾರಾದರೂ ಅನುಚಿತವಾಗಿ ಮುಟ್ಟಿದಾಗ ಹೇಗೆ ದೂರು ಹೇಳೀತು? ಮುಟ್ಟಿದವರು ಬಂಧುವಿರಲಿ, ಶಿಕ್ಷಕರಿರಲಿ, ನನ್ನಂತಹ ಧರ್ಮಗುರುವೇ ಇರಲಿ, ಮನೆಗೆ ಬಂದು ಹೇಳುವ ಧೈರ್ಯ ಮಗುವಿಗಿರಬೇಕು. 2012ರ ಪೋಕ್ಸೊ ಕಾಯಿದೆಯಿದೆ, 1098 ಸಹಾಯವಾಣಿಯಿದೆ. ಆದರೆ ಮಗು ಬಾಯ್ಬಿಡದೆ ಇವು ನೆರವಾಗುವುದು ಕಷ್ಟ. ಆ ಬಾಯಿಗೆ ಮಾತು ಕೊಡಬೇಕಾದವರು ನಾವು.

ಪ್ರಿಯ ಹೆತ್ತವರೇ, ಈ ವಾರ ಒಂದು ಸಂಜೆ ತೇರ್ಸ್ ಮುಗಿದ ಮೇಲೆ ಟಿ.ವಿ. ಹಾಕಬೇಡಿ. ಮಗುವನ್ನು ಒಂಟಿಯಾಗಿ ಅಂಗಳಕ್ಕೆ ಕರೆಯಿರಿ. "ನಿನ್ನ ವಯಸ್ಸಿನಲ್ಲಿ ನನಗೂ ಹೆದರಿಕೆಯಾಗಿತ್ತು" ಎಂದು ಆರಂಭಿಸಿ. ಉಳಿದ ಮಾತು ತಾನಾಗಿ ಬರುತ್ತದೆ.