ಕೆನೆಬಣ್ಣವೋ, ದಂತದ ಬಣ್ಣವೋ?

ಮಗಳ ಓದುವ ಕೋಣೆಗೆ ಬಣ್ಣ ಬಳಿಸಬೇಕಿತ್ತು. ಅಂಗಡಿಯ ಶೇಡ್ ಕಾರ್ಡಿನಲ್ಲಿ ಸೋಸಿ ಸೋಸಿ ಕೊನೆಗೆ ಎರಡು ಚೌಕ ಉಳಿದವು: ಒಂದು ಕೆನೆಬಣ್ಣ, ಇನ್ನೊಂದು ದಂತದ ಬಣ್ಣ. ‘ಎರಡೂ ಒಂದೇ ಅಲ್ವೇನ್ರೀ?’ ಎಂದಳು ನನ್ನಾಕೆ. ‘ಇಲ್ಲಮ್ಮ, ಇದರಲ್ಲಿ ಹಳದಿ ಜಾಸ್ತಿ’ ಎಂದಳು ಮಗಳು.

ನನಗೆ ಹಳೆಯ ಪೆಟ್ಟು ನೆನಪಿತ್ತು. ಹಿಂದೊಮ್ಮೆ ಕಾರ್ಡನ್ನೇ ನಂಬಿ ನಡುಮನೆಗೆ ತಿಳಿ ಕೆನೆಬಣ್ಣ ಬಳಿಸಿದ್ದೆ. ಗೋಡೆಯ ಮೇಲೆ ಅದು ಕಡಲೆಹಿಟ್ಟಿನಂತೆ ಕಂಡಿತು. ಬೆರೆಸಿಕೊಟ್ಟ ಬಣ್ಣವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಏಳು ವರ್ಷ ಅದನ್ನೇ ನೋಡಿದೆವು.

ಕಾರ್ಡು ಸುಳ್ಳು ಹೇಳಿರಲಿಲ್ಲ. ಕೋಣೆಗೆ ನಾಲ್ಕು ಗೋಡೆಗಳಿವೆ ಎಂಬುದನ್ನು ವಿಜ್ಞಾನದ ಮೇಷ್ಟ್ರಾಗಿಯೂ ನಾನು ಮರೆತಿದ್ದೆ! ಕಿಟಕಿಯ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಒಂದು ಬಣ್ಣವು ಕೆಂಪು, ಹಸಿರು ಬೆಳಕನ್ನು ನೂರಕ್ಕೆ 90 ಪಾಲು, ನೀಲಿಯನ್ನು 80 ಪಾಲು ಪ್ರತಿಫಲಿಸುತ್ತದೆ ಎಂದಿಟ್ಟುಕೊಳ್ಳಿ. ಮೂರು ಸಲ ಪುಟಿದ ಮೇಲೆ ಕೆಂಪು, ಹಸಿರು ಸುಮಾರು 73 ಪಾಲು ಉಳಿದರೆ, ನೀಲಿ 51ಕ್ಕೆ ಇಳಿಯುತ್ತದೆ. (ವಿದ್ಯಾರ್ಥಿಗಳು ಗುಣಿಸಿ ನೋಡಲಿ.) ನೀಲಿ ಕಳೆದುಕೊಂಡ ಬೆಳಕು ಕಣ್ಣಿಗೆ ಹಳದಿ. ಕಾರ್ಡಿನ ಮೇಲೆ ಕಾಣದಷ್ಟು ಸಣ್ಣ ವ್ಯತ್ಯಾಸ ಕೋಣೆಯಲ್ಲಿ ಹೀಗೆ ದೊಡ್ಡದಾಗುತ್ತದೆ.

ಈ ಸಲ ಎರಡು ಚಪ್ಪಲಿ ಡಬ್ಬ ಹುಡುಕಿದೆವು. ಎರಡೂ ಬಣ್ಣಗಳ ಚಿಕ್ಕ ಮಾದರಿ ಡಬ್ಬಿ ತಂದು, ಒಳಮೈಗೆ ಎರಡೆರಡು ಕೋಟ್ ಬಳಿದು, ಪೂರ್ತಿ ಒಣಗಲು ಬಿಟ್ಟೆವು. ಹಸಿ ಬಣ್ಣ ಒಂದು ರೀತಿ, ಒಣಗಿದ್ದು ಇನ್ನೊಂದು ರೀತಿ. ನಮ್ಮದು ಕೆಂಪು ಗಾರೆಯ ನೆಲ. ಅದರ ಕೆಂಪೂ ಗೋಡೆಗೆ ಹತ್ತುತ್ತದಲ್ಲ? ಹಾಗಾಗಿ ತಳಕ್ಕೆ ಕೆಂಪು ಕಾಗದ ಹಾಸಿದೆವು. ಒಂದು ಬದಿಗೆ ಕಿಟಕಿ, ಇನ್ನೊಂದು ಬದಿಗೆ ಇಣುಕಲು ತೂತು.

ಹಗಲಿನಲ್ಲಿ ಎರಡೂ ಅವಳಿಗಳೇ. ಆದರೆ ಮಗಳು ಓದುವುದು ರಾತ್ರಿ, ಬೆಳಗಿನ ಜಾವ. ಹಳೆಯ ತಂತಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಳದಿ ಹೆಚ್ಚು. ಬಿಳಿ ಎಲ್ಇಡಿ ಟ್ಯೂಬ್ ಸುಮಾರು 6500, ನೀಲಿ ಹೆಚ್ಚು. ವರ್ಣದ್ರವ್ಯಗಳು ಬೇರೆಯಾಗಿದ್ದರೆ ಒಂದು ಬೆಳಕಿನಲ್ಲಿ ಹೊಂದುವ ಬಣ್ಣಗಳು ಇನ್ನೊಂದರಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಸೀರೆ ಅಂಗಡಿಯಲ್ಲಿ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುವ ಹೆಂಗಸರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ.

ರಾತ್ರಿ ಟ್ಯೂಬ್‌ಲೈಟಿನಡಿ ಇಟ್ಟರೆ ದಂತದ ಬಣ್ಣ ಬೂದಿ ಬಳಿದಂತೆ ಮಂಕಾಯಿತು. ಕೆನೆಬಣ್ಣ ಹಗಲಿನಂತೆಯೇ ಕಂಡಿತು. ಮಗಳು ಮತ್ತೊಮ್ಮೆ ಇಣುಕಿ, ‘ಇದೇ ಇರಲಿ ಅಪ್ಪ’ ಎಂದಳು.

ಡಬ್ಬಗಳೆರಡೂ ಈಗ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿವೆ. ಒಂಬತ್ತನೆಯ ತರಗತಿಯವರು ಇಣುಕಿ ಇಣುಕಿ ತೂತನ್ನು ದೊಡ್ಡದು ಮಾಡಿದ್ದಾರೆ.