ಊದಿದರೆ ಮಾತ್ರ ಉರಿಯುವ ಒಲೆ

ಹಸಿಸೌದೆಯ ಒಲೆಯು ಊದುಗೊಳವೆಯಿಂದ ಊದುತ್ತಿರುವವರೆಗೆ ಮಾತ್ರ ಉರಿಯುವುದೆಂಬುದನ್ನು ನಮ್ಮ ಬಾಗೂರಿನ ಗೃಹಿಣಿಯರೆಲ್ಲರೂ ಬಲ್ಲರು. 1993ರಲ್ಲಿ ಇಟಲಿಯ ವಿಜ್ಞಾನಿ ಕಾರ್ಲೊ ರುಬ್ಬಿಯಾ ಅವರು ಸೂಚಿಸಿದ ಪರಮಾಣು ಒಲೆಯೂ ಅಂತಹುದೇ. ಅದರ ಇಂಧನವು ತಾನಾಗಿ ಉರಿಯಲಾರದು. ವೇಗವರ್ಧಕ ಯಂತ್ರದಿಂದ ಹೊಮ್ಮಿದ ಪ್ರೋಟಾನುಗಳು ಸೀಸದಂತಹ ಭಾರಲೋಹಕ್ಕೆ ತಾಗಿ ಎಬ್ಬಿಸುವ ನ್ಯೂಟ್ರಾನುಗಳೇ ಅದರ ಊದುಗೊಳವೆ. ಯಂತ್ರ ನಿಂತೊಡನೆ ಸರಣಿಕ್ರಿಯೆಯೂ ನಿಲ್ಲುವುದು. ಆದರೂ ಕೆಂಡದಂತೆ ಕಾವು ಉಳಿಯುವುದರಿಂದ ತಣಿಸುವ ಏರ್ಪಾಡು ಅವಶ್ಯ.

ಇಷ್ಟು ಪ್ರಯಾಸವೇಕೆ? ನಮ್ಮ ಕೈಗಾದಂತಹ ಸ್ಥಾವರಗಳ ಉರಿದ ಇಂಧನದಲ್ಲಿರುವ ನೆಪ್ಚೂನಿಯಮ್ ಅರ್ಧಕ್ಕಿಳಿಯಲು 21 ಲಕ್ಷ ವರ್ಷ ಬೇಕು. ಅದನ್ನು ಈ ಒಲೆಯಲ್ಲಿ ಭೇದಿಸಿ ಅಲ್ಪಾಯುವಾಗಿಸಬಹುದೆಂದು ಆಸೆ. ಟ್ರಾಂಬೆಯಲ್ಲಿ ಕಟ್ಟಿರುವ ಯಂತ್ರದ ಗುರಿ 2 ಕೋಟಿ ಎಲೆಕ್ಟ್ರಾನ್ ವೋಲ್ಟ್; ಬೇಕಾದುದು ಸುಮಾರು 100 ಕೋಟಿ. ದಾರಿ ದೂರವೇ ಸರಿ. ಆದರೆ ನಾವು ಉಂಡ ಎಲೆಯನ್ನು ಮೊಮ್ಮಕ್ಕಳಿಂದ ತೆಗೆಯಿಸುವುದು ಗೃಹಸ್ಥಧರ್ಮವಲ್ಲ.