ಸರ್ಪಸುತ್ತು: ಮೊದಲ ಮೂರು ದಿನಗಳ ಬೆಲೆ

ಐದು ವರ್ಷಗಳ ಹಿಂದಿನ ಮಾತು. ಆಗ 68 ವರ್ಷದವರಾಗಿದ್ದ ನಮ್ಮ ಅಕ್ಕನವರಿಗೆ ಒಂದು ದಿನ ಬಲಪಕ್ಕೆಯಲ್ಲಿ ಉರಿ ಹುಟ್ಟಿತು. ಸೀರೆಯ ಸೆರಗು ತಗುಲಿದರೂ ತಾಳಲಾಗದಷ್ಟು ಉರಿ; ಚರ್ಮವನ್ನು ನೋಡಿದರೆ ಏನೂ ಇಲ್ಲ. “ವಾಯುವಿರಬೇಕು ಕಣೋ ತಮ್ಮಾ” ಎಂದು ಅವರೂ, “ಇರಬಹುದು ಅಕ್ಕ” ಎಂದು ನಾನೂ ಸಮಾಧಾನ ಹೇಳಿಕೊಂಡು, ಇಂಗು ಬೆರೆಸಿದ ಮಜ್ಜಿಗೆಯಲ್ಲಿ ಎರಡು ದಿನ ಕಳೆದೆವು. ಮೂರನೆಯ ದಿನ ಬೆನ್ನೆಲುಬಿನ ಬಳಿಯಿಂದ ಎದೆಯ ಕೆಳಭಾಗದವರೆಗೆ ಕೆಂಪು ಪಟ್ಟಿಯೂ, ಅದರ ಮೇಲೆ ನೀರುಗುಳ್ಳೆಗಳ ಗೊಂಚಲುಗಳೂ ಎದ್ದವು. ನೆರೆಮನೆಯವರು ನೋಡಿದೊಡನೆಯೇ “ಇದು ಸರ್ಪಸುತ್ತು” ಎಂದರು.

ಹೆಸರು ಸರಿಯಾಗಿಯೇ ಇದ್ದಿತು. ಆಗ ನಾನು ಮಾಡಿದ್ದೇನು? ‘ಸೃಪ್’ ಎಂಬ ಧಾತುವಿನಿಂದಲೇ ಸರ್ಪ, ವಿಸರ್ಪ ಎಂಬ ಶಬ್ದಗಳಾದುವೆಂದೂ, ಪಾಶ್ಚಾತ್ಯ ವೈದ್ಯರು ಈ ರೋಗಕ್ಕಿಟ್ಟ ‘ಹರ್ಪಿಸ್’ ಎಂಬ ಗ್ರೀಕ್ ಹೆಸರಿಗೂ ಹರಿದಾಡುವುದೆಂಬುದೇ ಅರ್ಥವೆಂದೂ ಮನೆಯವರಿಗೆಲ್ಲ ವಿವರಿಸಿದೆನು. ಬಳಿಕ, ಲೋಕರೂಢಿಯಂತೆ, ಕೆಮ್ಮಣ್ಣು ಹಚ್ಚಿ ಮಂತ್ರಿಸುವವರ ಬಳಿಗೆ ಅಕ್ಕನವರನ್ನು ಕರೆದೊಯ್ದೆನು. ಐದು ದಿನ ಲೇಪನವಾಯಿತು. ಗುಳ್ಳೆಗಳು ಕ್ರಮೇಣ ಒಣಗಿದುವು; ನೋವು ಮಾತ್ರ ಒಂದೂವರೆ ವರ್ಷ ಬಿಡಲಿಲ್ಲ. ವ್ಯುತ್ಪತ್ತಿಯನ್ನು ಬಲ್ಲವನು ವ್ಯಾಧಿಯನ್ನು ಅರಿತಿರಲಿಲ್ಲ. ಇತರ ಗೃಹಸ್ಥರಿಂದ ಅದೇ ಪ್ರಮಾದವಾಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಈ ರೋಗಕ್ಕೂ ಹಾವಿಗೂ ಯಾವ ಸಂಬಂಧವೂ ಇಲ್ಲ. ಬಾಲ್ಯದಲ್ಲಿ ಬರುವ ಸೀತಾಳೆ ಸಿಡುಬಿಗೆ, ಎಂದರೆ ಚಿಕನ್ ಪಾಕ್ಸಿಗೆ, ಕಾರಣವಾದ ವೈರಸ್ಸೇ ಇದಕ್ಕೂ ಕಾರಣ. ಸಿಡುಬು ವಾಸಿಯಾದ ಮೇಲೂ ಅದು ದೇಹವನ್ನು ಬಿಡದೆ, ನರಗಳ ಬುಡದಲ್ಲಿರುವ ಗಂಟುಗಳಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ವಯಸ್ಸಾದಾಗಲಾಗಲಿ, ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್ ಔಷಧ ಮೊದಲಾದುವುಗಳಿಂದ ದೇಹದ ರಕ್ಷಣಾಶಕ್ತಿ ಕುಂದಿದಾಗಲಾಗಲಿ ಎಚ್ಚತ್ತು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಊರಿನ ವೈದ್ಯರಾದ ಹೋಪ್‌-ಸಿಂಪ್ಸನ್ ಎಂಬುವರು ತಮ್ಮ ರೋಗಿಗಳನ್ನು ಹಲವು ವರ್ಷ ಗಮನಿಸಿ, 1965ರಲ್ಲಿ ಈ ಅಭಿಪ್ರಾಯವನ್ನು ಪ್ರತಿಪಾದಿಸಿದರು.

ಆ ನರವು ಮೈಯ ಒಂದು ಪಾರ್ಶ್ವಕ್ಕೆ ಮಾತ್ರ ಸೇರಿದುದರಿಂದ, ಗುಳ್ಳೆಗಳು ಎಡಕ್ಕೋ ಬಲಕ್ಕೋ ಪಟ್ಟಿಯಾಗಿ ಏಳುವುವೇ ಹೊರತು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ಹಾವಿನ ತಲೆಯೂ ಬಾಲವೂ ಕೂಡಿದರೆ ಮರಣವೆಂಬ ಭಯಕ್ಕೆ ಆಧಾರವಿಲ್ಲ.

ಲಕ್ಷಣಗಳನ್ನು ಮನೆಯವರು ನೆನಪಿನಲ್ಲಿಡಬೇಕು. ಮೈಯ ಒಂದೇ ಪಕ್ಕದಲ್ಲಿ ಉರಿ, ಚುಚ್ಚುವಿಕೆ, ಜುಮುಗುಟ್ಟುವಿಕೆ ಮೊದಲು ಬರುತ್ತದೆ. ಕೆಲವು ದಿನಗಳ ಬಳಿಕ ಅದೇ ಜಾಗದಲ್ಲಿ ಗುಳ್ಳೆ. ಎದೆಯಲ್ಲಿ ನೋವು ಬಂದರೆ ಹೃದಯದ ನೋವೆಂಬ ಸಂದೇಹವೂ ಹುಟ್ಟಬಹುದು. ಅದನ್ನು ವೈದ್ಯರೇ ಪರೀಕ್ಷಿಸಿ ನಿರ್ಣಯಿಸತಕ್ಕದ್ದು.

ಗುಳ್ಳೆ ಕಂಡ 72 ಗಂಟೆಗಳೊಳಗಾಗಿ ವೈದ್ಯರನ್ನು ಕಾಣುವುದು ಮುಖ್ಯ. ಏಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಮೊದಲಾದ ಗುಳಿಗೆಗಳು ವೈರಸ್ಸಿನ ವೃದ್ಧಿಯನ್ನು ತಡೆಯುತ್ತವೆ. ಆಗಲೇ ಕೆಟ್ಟ ನರವನ್ನು ಸರಿಪಡಿಸಲಾರವು. ಆದುದರಿಂದಲೇ ಬೇಗ ಆರಂಭಿಸಬೇಕು. ಹುಣ್ಣು ಬೇಗ ಮಾಗುತ್ತದೆ, ನೋವಿನ ಉಗ್ರತೆ ತಗ್ಗುತ್ತದೆ. ಮೂರು ದಿನ ಮೀರಿತೆಂದು ಸುಮ್ಮನಿರಲೂಬಾರದು. ಹೊಸ ಗುಳ್ಳೆಗಳು ಏಳುತ್ತಿದ್ದರೆ ಆಗಲೂ ಔಷಧ ಕೊಡುವುದುಂಟು. ಹಣೆಯಲ್ಲಿ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ದೃಷ್ಟಿಗೇ ಅಪಾಯವುಂಟು. ಕಿವಿಯಲ್ಲಿ ಕಂಡರೆ ಮುಖದ ಒಂದು ಪಕ್ಕ ಜೋಲುಬೀಳಬಹುದು. ಇವೆರಡರಲ್ಲಿಯೂ ಅದೇ ದಿನವೇ ಆಸ್ಪತ್ರೆಗೆ ಹೋಗಬೇಕು.

ಗುಳ್ಳೆಗಳನ್ನು ಒಡೆಯಬಾರದು, ಮಣ್ಣು, ಸುಣ್ಣಗಳನ್ನು ಬಳಿಯಬಾರದು, ಶುಚಿಯಾಗಿಟ್ಟು ತೆಳುವಾದ ಬಟ್ಟೆಯಿಂದ ಮುಚ್ಚಬೇಕು. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಹಾಗೆಯೇ ಹರಡದು. ಆದರೆ ಗುಳ್ಳೆಯ ನೀರು ತಗುಲಿದರೆ, ಹಿಂದೆ ಸೀತಾಳೆ ಸಿಡುಬು ಆಗದವರಿಗೆ ಆ ಸಿಡುಬೇ ಬರಬಹುದು. ಹಕ್ಕಳೆ ಕಟ್ಟುವವರೆಗೆ ಗರ್ಭಿಣಿಯರನ್ನೂ ಎಳೆಯ ಕೂಸುಗಳನ್ನೂ ದೂರವಿಡುವುದು ಕ್ಷೇಮ. 50 ವರ್ಷ ದಾಟಿದವರಿಗೆ ಎರಡು ಸಲ ಚುಚ್ಚಿಸಿಕೊಳ್ಳುವ ಲಸಿಕೆಯೊಂದು 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. ಅದರ ವಿಷಯವಾಗಿ ತಮ್ಮ ವೈದ್ಯರನ್ನು ಕೇಳಬಹುದು.

ಆ ದಿನ ಆಸ್ಪತ್ರೆಗೆ ಹೋಗಿದ್ದರೆ ಅಕ್ಕನವರ ನೋವು ತಪ್ಪಿಯೇ ತೀರುತ್ತಿತ್ತೆಂದು ನಾನು ಹೇಳಲಾರೆ. ವಯಸ್ಸಾದವರಿಗೆ ಔಷಧ ಕೊಟ್ಟರೂ ಕೆಲವೊಮ್ಮೆ ಅದು ಉಳಿಯುವುದುಂಟು. ಆದರೆ ಇದ್ದ ಒಂದು ಅವಕಾಶವನ್ನು ಕಳೆದವನು ನಾನು. ಅಕ್ಕನವರು ಅದನ್ನು ಎಂದೂ ಆಡಿ ತೋರಿಸಲಿಲ್ಲ. ಕಳೆದ ವರ್ಷ ನೆರೆಮನೆಯ ಹೆಂಗಸೊಬ್ಬರು ಪಕ್ಕೆಯ ಉರಿಯೆಂದು ಬಂದಾಗ, ಗುಳ್ಳೆಗಳನ್ನು ನೋಡಿದೊಡನೆ ಅಕ್ಕನವರು ನುಡಿದರು: “ಮೊದಲು ಡಾಕ್ಟರ ಹತ್ತಿರ ಹೋಗಮ್ಮ. ಅದರ ಅರ್ಥವೇನೆಂದು ಆಮೇಲೆ ಬಂದು ನನ್ನ ತಮ್ಮನನ್ನು ಕೇಳುವೆಯಂತೆ.”